ಈಳಿಗೆಮಣೆಯ ತುರಿಕೆ

ರಾವುಲಪಾಲೆಂ
೧೮-೨-೧೯೯೪

ಚಿರಂಜೀವಿ ಸತ್ಯವೇಣಿಗೆ ಕೊಂಡಬಾಬು ಮಾವನ ಆಶೀರ್ವಾದಗಳು.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ. ಕೈಗೆ ಬಿಡುವಿರಲಿಲ್ಲ ಅಂದುಕೋ. ಈ ಸಲ ನಮ್ಮ ಹೊಲದ ಒಂದೇ ಸುವರ್ಣಗಡ್ಡೆಯನ್ನು ಇಬ್ಬರು ಹೊತ್ತು ತಂದರು. ಬರಿಗೈಯಲ್ಲಿ ಗಡ್ಡೆ ಹೆಚ್ಚಿದರೂ ತುರಿಸದ ಕೈ ಗೋದಾವರಿ ಸೀಮೆಯಲ್ಲಿ ನನ್ನದೊಂದೇ.

ಆದರೆ ನಿನ್ನತ್ತೆಯದು ದೊಡ್ಡ ರಗಳೆ. ವರ್ಷದಿಂದ ಅಂಗೈ ಅಂಗಾಲು ಕೆರೆದುಕೊಳ್ಳುತ್ತಿದ್ದಾಳೆ. ಗಡ್ಡೆ ಹೆಚ್ಚಿದ್ದಕ್ಕೇ ಎಂದು ಹುಣಿಸೆಹಣ್ಣು ತಿಕ್ಕಿಸಿದೆ. "ಗಡ್ಡೆಗಿಲ್ಲದ ತುರಿಕೆ ಈಳಿಗೆಮಣೆಗೇಕೆ?" ಎಂದು ನಮ್ಮ ಕಡೆಯ ಗಾದೆ ಹೇಳಿ ಬೀದಿಯವರನ್ನೆಲ್ಲ ನಗಿಸಿದೆ. ಊರಿನ ಡಾಕ್ಟರು ಮುಲಾಮು ಕೊಟ್ಟರು. ಇನ್ನೊಬ್ಬರು ಸೋಪು ಬದಲಿಸಿ ಎಂದರು. ಮತ್ತೊಬ್ಬರು ಸೀಗಡಿ ತಿನ್ನುವುದನ್ನು ಬಿಡಿಸಿದರು; ಅವಳ ಜೊತೆ ನನ್ನ ಬಾಯಿಗೂ ಬೀಗ. ಮೈಮೇಲೆ ಒಂದು ಗುಳ್ಳೆಯಿಲ್ಲ, ಕೆರೆತ ಮಾತ್ರ ನಿಲ್ಲದು.

ಕಣ್ಣು ಹಳದಿಯಾದ ಮೇಲೆ ರಾಜಮಂಡ್ರಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿ, "ಕೊಂಡಬಾಬು ಗಾರೂ, ತುರಿಕೆ ಚರ್ಮದ್ದಲ್ಲ, ಲಿವರಿಂದು. ಪಿತ್ತ ಇಳಿಯೋ ಸಣ್ಣ ನಾಳಗಳು ಹಾಳಾಗಿವೆ. ಇಳೀಬೇಕಾದ್ದು ರಕ್ತಕ್ಕೆ ಸೇರ್ತಿದೆ" ಎಂದರು.

"ಹಾಗಾದ್ರೆ ಪಿತ್ತವೇ ಕೆರೆಸ್ತಿದೆ ಅನ್ನಿ."

"ಅದರಲ್ಲಿ ಯಾವ ಅಂಶ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

"ಏಳನೇ ಕ್ಲಾಸಿನ ನನಗೂ ಗೊತ್ತಿಲ್ಲ, ಅಷ್ಟು ಓದಿದ ನಿಮಗೂ ಗೊತ್ತಿಲ್ಲ. ಸರಿಹೋಯ್ತು. ಹೆಂಡ ಕುಡಿದವನು ನಾನು, ಲಿವರು ಕೆಟ್ಟಿದ್ದು ಇವಳದಾ?" ಎಂದು ರೇಗಿದೆ.

"ಇದು ಕುಡಿತದ ಕಾಯಿಲೆ ಅಲ್ಲ. ವರ್ಷದ ಹಿಂದೆ ಬಂದಿದ್ರೆ ಇಷ್ಟು ಹಾಳಾಗ್ತಿರಲಿಲ್ಲ" ಎಂದರು.

ನೀರಿನಲ್ಲಿ ಕದಡಿ ಕುಡಿಯುವ ಪುಡಿ ಕೊಟ್ಟಿದ್ದಾರೆ. ಕೆರೆತ ಅರ್ಧ ತಗ್ಗಿದೆ. ಲಿವರು ಎಷ್ಟು ದಿನ ತಡೆಯುತ್ತದೋ ಅವರೂ ಹೇಳಲಿಲ್ಲ. ಬಸ್ಸಿನಲ್ಲಿ ನಿನ್ನತ್ತೆ, "ನೋಡಿದ್ರಾ, ಈಳಿಗೆಮಣೆಗೂ ತನ್ನದೇ ತುರಿಕೆ ಇತ್ತು" ಎಂದಳು.

ವಿಶಾಖಪಟ್ಟಣದ ಆಸ್ಪತ್ರೆಯಲ್ಲಿ ನಿನ್ನ ಕೈಗುಣ ಬೆಳಗಲಿ, ತಾಯಿ.

ನಿನ್ನ ಮಾವ,
ಕೊಂಡಬಾಬು

ಮರೆತ ಮಾತು: ಮರೆತದ್ದಲ್ಲ. ಹೋದ ವರ್ಷ ಸಂಕ್ರಾಂತಿಗೆ ನೀನು ಬರೆದಿದ್ದೆ: "ಮಾವಯ್ಯ, ಗುಳ್ಳೆಯಿಲ್ಲದ ತುರಿಕೆ ಗಡ್ಡೆಯದಲ್ಲ, ಅತ್ತೆಯ ರಕ್ತ ಪರೀಕ್ಷೆ ಮಾಡಿಸು." ಓದು ಬಾರದ ನಿನ್ನತ್ತೆ ಪಕ್ಕದಲ್ಲೇ ಕೂತಿದ್ದಳು. ಈ ಹುಡುಗಿ ಗಡ್ಡೆಯ ವಿಷಯ ನನಗೇ ಹೇಳಿಕೊಡುತ್ತಾಳಲ್ಲ ಎಂಬ ಸಿಟ್ಟಿಗೆ ಆ ಸಾಲು ಬಿಟ್ಟು ಅವಳಿಗೆ ಓದಿ ಹೇಳಿದೆ. "ನನ್ನ ತುರಿಕೆ ಬಗ್ಗೆ ಏನೂ ಬರೆದಿಲ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ನೀನು ಮರೆತೆ ಎಂದೇ ಇಂದಿಗೂ ತಿಳಿದಿದ್ದಾಳೆ. ಕಾಗದ ಜೋಪಾನವಾಗಿದೆ. ಯುಗಾದಿಗೆ ಬಂದು ನೀನೇ ಓದಿ ಹೇಳು. ನಾನು ಪಕ್ಕದಲ್ಲಿ ಕೂತಿರುತ್ತೇನೆ.