ಬಾಲ್ಕನಿಯಿಂದ ಕೈ ಬೀಸಬೇಡಿ

ರೀ, ಒಂದು ಕೈಯಲ್ಲಿ ಬೂಟು ಎಳೆದುಕೊಳ್ಳುತ್ತ ಇನ್ನೊಂದರಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೂ ಓದಿಕೊಳ್ಳಿ.

ನಲ್ಲಿ ರಿಪೇರಿಯವನು ಬಂದರೆ ಬಚ್ಚಲು ತೋರಿಸಿ. ಒಗೆದ ಬಟ್ಟೆ ಒಣಹಾಕಿ, ಮಡಚುವುದಕ್ಕೆ ನನ್ನನ್ನು ಕಾಯಬೇಡಿ.

ಗಿರಣಿಯ ಬಸ್ಸು ಬಂದಾಗ ಚಹಾ ಲೋಟ ಹಿಡಿದು ಬಾಲ್ಕನಿಯಲ್ಲಿ ನಿಂತು ಕೈ ಬೀಸಬೇಡಿ. ನಿನ್ನೆ ಪಕ್ಕದ ಸೀಟಿನವಳು, "ನಿಮ್ಮೆಜಮಾನ್ರು ಮಹಾರಾಜ್ರು ಬಿಡ್ರೀ, ನೀವ್ಯಾವಾಗ ರಾಣಿ ಆಗೋದು?" ಅಂದಳು. ಇಡೀ ಬಸ್ಸು ನಕ್ಕಿತು.

ಒಂದೇ ಗಿರಣಿ, ಅಕ್ಕಪಕ್ಕದ ಮಗ್ಗ. ನೀವು ಮೊದಲು ಸೇರಿದಿರಿ. ನಾನು ನಿಮ್ಮ ಮಗಳನ್ನು ಹೆತ್ತು, ಎತ್ತಿ ಆಡಿಸಿ ಸೇರುವಷ್ಟರಲ್ಲಿ ಹೊಸಬರಿಗೆ ಪಿಂಚಣಿ ಇಲ್ಲ ಅಂದರು. ಪಿಂಚಣಿ ಇರುವುದಕ್ಕೇ ನೀವು ವಯಸ್ಸಾಯಿತೆಂದು ಕಾಲು ಚಾಚಿ ಕೂತಿರಿ. ನಿಮ್ಮಷ್ಟೇ ವಯಸ್ಸಾದ ನಾನು ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೊರಟಿದ್ದೇನೆ. ಕೆಲಸ ಬಿಟ್ಟ ದಿನವೇ ನನ್ನ ಕೈ ಖಾಲಿ.

ನಿನ್ನೆ ಊಟಕ್ಕೆ ಕೂತಾಗ, "ನೀನೂ ಬಿಟ್ಬಿಡೇ, ನನ್ನ ಪಿಂಚಣಿ ಇಬ್ರಿಗೂ ಸಾಕು" ಅಂದಿರಿ. ಉತ್ತರ ಇಲ್ಲಿದೆ: ನಿಮ್ಮ ಮನಸ್ಸು ದೊಡ್ಡದು, ಆದರೆ ಪಿಂಚಣಿ ನಿಮ್ಮದು. ನಾನು ಕೆಲಸ ಬಿಡುವುದಿಲ್ಲ.