ನಾಲ್ಕು ಬೆರಳಿನ ಮಡಿಕೆ

ಸೋಮವಾರ, ಒಂಬತ್ತನೇ ತಾರೀಖು

ನಾಳೆ ದೊಡ್ಡವಳನ್ನು ಶಾಲೆಗೆ ಹೇಗೆ ಕಳಿಸಲಿ? ಸ್ಕರ್ಟು ಮೊಣಕಾಲು ಮುಚ್ಚದಿದ್ದರೆ ಬರುವುದೇ ಬೇಡ ಎಂದು ಟೀಚರು ಚೀಟಿ ಕಳಿಸಿದ್ದಾರೆ. ಮಧ್ಯಾಹ್ನ ಅದನ್ನು ಓದಿದಾಗ ನನಗೇನೂ ಗಾಬರಿಯಾಗಲಿಲ್ಲ. ಬೆಳೆಯುವ ಮಕ್ಕಳೆಂದು ಏನೇ ಹೊಲಿದರೂ ಅಂಚಿನೊಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಇಡುವವಳು ನಾನು. ಆ ಮಡಿಕೆಯೇ ನನ್ನ ಧೈರ್ಯ.

ಇವರ ಹಳೆ ಪ್ಯಾಂಟು ಚಿಕ್ಕವನ ಚಡ್ಡಿಯಾಯಿತು, ಕಿಟಕಿಯ ಪರದೆ ದಿಂಬಿನ ಚೀಲವಾಯಿತು. “ನಾನು ಹಾಕ್ಕೊಂಡಿರೋದಕ್ಕಾದ್ರೂ ಕತ್ತರಿ ಹಾಕ್ಬೇಡ ತಾಯಿ,” ಎಂದು ಇವರು ನಕ್ಕರು. ನನಗೆ ನಗು ಬರಲಿಲ್ಲ.

ಊಟವಾದ ಮೇಲೆ ಸ್ಕರ್ಟಿನ ಅಂಚು ಬಿಚ್ಚತೊಡಗಿದೆ. ಅರ್ಧ ಬಿಚ್ಚಿದ ಮೇಲೆ ಗೊತ್ತಾಯಿತು, ಅದು ನನ್ನ ಹೊಲಿಗೆಯೇ ಅಲ್ಲ. ಸೊಟ್ಟಸೊಟ್ಟ ಕೈಹೊಲಿಗೆ, ದಾರದ ಬಣ್ಣವೂ ಬೇರೆ. ಒಳಗೆ ಉಗುರಿನಷ್ಟೂ ಬಟ್ಟೆ ಉಳಿದಿರಲಿಲ್ಲ. ಪಟ್ಟಿ ಜೋಡಿಸೋಣವೆಂದರೆ ಸ್ಕರ್ಟಿನ ನೀಲಿ ಬಟ್ಟೆಯ ಮಿಕ್ಕ ಚೂರುಗಳನ್ನೆಲ್ಲ ಹೊಟ್ಟೆಯಲ್ಲಿರುವ ಮಗುವಿನ ಹೊದಿಕೆಗೆ ಸೇರಿಸಿಬಿಟ್ಟಿದ್ದೇನೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಅವಳನ್ನು ಕರೆದು ಕೇಳಿದೆ.

“ಹೋದ ತಿಂಗಳೇ ಬಿಚ್ಚಿ ನಾನೇ ಹೊಲ್ಕೊಂಡೆ ಅಮ್ಮ. ನಿಂಗೆ ಸುಸ್ತಾಗಿತ್ತಲ್ಲ.” ಆಮೇಲೆ ಏನೋ ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ, “ಅದಾದ್ಮೇಲೂ ಬೆಳೆದ್ಬಿಟ್ಟೆ,” ಅಂದಳು.

ನಾನು ಉಳಿದರ್ಧ ಅಂಚನ್ನೂ ಬಿಚ್ಚಿದೆ. ಬೆಳೆಯುವುದು ತಪ್ಪಲ್ಲ ಎಂದು ಯಾಕೆ ಹೇಳಲಿಲ್ಲ?

ಬಿಚ್ಚಿದ ಸ್ಕರ್ಟು ಮಡಿಲಲ್ಲೇ ಇದೆ. ಅವಳು ಪಕ್ಕದಲ್ಲಿ ಕಾಲು ಮಡಚಿಕೊಂಡು, ಆದಷ್ಟೂ ಚಿಕ್ಕದಾಗಿ ಮಲಗಿದ್ದಾಳೆ. ಬೆಳಿಗ್ಗೆ ಎದ್ದು ನನ್ನೆದುರು ನೆಟ್ಟಗೆ ನಿಂತಾಗ ನಾನು ಮೊದಲು ಅವಳ ಮೊಣಕಾಲು ನೋಡುತ್ತೇನೋ, ಮುಖ ನೋಡುತ್ತೇನೋ?