ಗೋದಾಮಿನ ಗಾಳಿಕೊಳವೆ

ಗುಂಡ್ಲುಪೇಟೆ, ಭಾನುವಾರ ಸಂಜೆ

ಮಾನ್ಯ ಚಿಕ್ಕಮಲ್ಲಪ್ಪನವರಿಗೆ,

ನಿಮ್ಮ ಜೋಳದ ಗೋದಾಮಿನ ಗಾಳಿಕೊಳವೆ ಮಹಡಿಯ ನಮ್ಮ ಬಾಡಿಗೆ ಕೋಣೆಯನ್ನು ಹಾದು ತಾರಸಿಗೆ ಹೋಗುತ್ತದೆ. ಕೋಣೆಯೊಳಗೆ ಅದರ ಬೆಸುಗೆ ಬಿಟ್ಟಿದೆ. ನಾಳೆ ನೀವು ಜೋಳದ ಹುಳು ಸಾಯಲೆಂದು ವಿಷದ ಮಾತ್ರೆ ಇಟ್ಟರೆ ವಿಷಗಾಳಿ ಆ ಕೋಣೆಗೇ ಬರುತ್ತದೆ. ಅಲ್ಲಿ ನನ್ನ ಮಗಳು ಭಾನು ಹಸುಗೂಸಿನೊಂದಿಗೆ ಬಾಣಂತನಕ್ಕೆ ಮಲಗಿದ್ದಾಳೆ.

ಹೆಂಡತಿ ಸುಂದ್ರಮ್ಮ ಕಿಟಕಿಯ ಸಂದಿಗಳಿಗೆಲ್ಲ ಬಟ್ಟೆ ತುರುಕಿದ್ದಾಳೆ. ತೆಗೆಯಲು ಹೋದರೆ, "ಸೀತ ಆಗ್ಬುಟ್ರೆ ಯಾರ್ ನೋಡ್ಕಂಡಾರು, ಸುಮ್ಕಿರಿ" ಎನ್ನುತ್ತಾಳೆ. ಕೊಳವೆಯ ಬಿರುಕಿಗೂ ಅವಳೇ ರಾಗಿ ಗಂಜಿಯಿಂದ ಕಾಗದ ಮೆತ್ತಿದ್ದಳು. ಗಂಜಿಯ ವಾಸನೆಗೆ ಇಲಿಗಳು ಬಂದು ಎಲ್ಲವನ್ನೂ ತಿಂದವು.

ಇದನ್ನು ಹೇಳಿದಾಗ ನೀವು, "ನೆಂಟ್ರ ಮನೇಲಿ ಇರ್ರಯ್ಯ" ಎಂದಿರಿ. ಹಸಿ ಬಾಣಂತಿಯನ್ನು ಹೊಸಿಲು ದಾಟಿಸಲು ಸುಂದ್ರಮ್ಮ ಬಿಡುವುದಿಲ್ಲ.

ಬಿರುಕು ಮುಚ್ಚುವ ತಗಡಿನ ಟೇಪು ತರಲು ಮೈಸೂರಿಗೆ ಹೊರಟಿದ್ದೇನೆ. ಗೋದಾಮಿನ ಬೀಗದ ಕೈ ನನ್ನ ಜೇಬಿನಲ್ಲಿದೆ. ಬೀಗ ಒಡೆಯುವುದಾದರೆ, ದಯವಿಟ್ಟು ಮೊದಲು ಮೇಲೆ ಹೋಗಿ ಮಗುವನ್ನು ನೋಡಿ.

ನಿಮ್ಮ ಗೋದಾಮು ಕಾಯುವ,
ನಿಂಗರಾಜು